ಓದಿದ್ದು ಸರಿ, ಬರೆದದ್ದು ಸೊನ್ನೆ

ಮೇಷ್ಟ್ರು ಕಬ್ಬಿಣದ ಆನಿಕೆಯ ಮೇಲೆ ಗದ್ದ ಊರಿ ಕುಳಿತಿದ್ದರು. ಕಣ್ಣಿನ ಡಾಕ್ಟರ ಬಳಿ ಇರುತ್ತದಲ್ಲ, ಅಂಥದ್ದೇ. ಎದುರಿಗೆ ಪರದೆ, ಪರದೆಯ ಕೆಳಗೆ ಎರಡು ಸಣ್ಣ ಕ್ಯಾಮೆರಾ. ಆ ಕ್ಯಾಮೆರಾಗಳಿಗೆ ಮನುಷ್ಯನ ಮುಖ ಬೇಕಿಲ್ಲ. ಕಣ್ಣು ಸಾಕು.

ಗಾಜಿನ ಈಚೆ ನಿಂತಿದ್ದ ಇನ್ಸ್‌ಪೆಕ್ಟರ್‌ಗೆ ಮೇಷ್ಟ್ರ ಬೋಳು ಹಿಂದಲೆ ಕಾಣುತ್ತಿತ್ತು. ಪಕ್ಕದ ಟೇಬಲ್ಲಿನ ಪರದೆಯಲ್ಲಿ ಒಂದು ಕೆಂಪು ಚುಕ್ಕೆ ಓಡಾಡುತ್ತಿತ್ತು. ಮೇಷ್ಟ್ರು ಎಲ್ಲಿ ನೋಡಿದರೆ ಚುಕ್ಕೆ ಅಲ್ಲಿ.

ಚುಕ್ಕೆ ಮೊದಲ ಸಾಲು ದಾಟಿ ಎರಡಕ್ಕೆ ಇಳಿಯಿತು. ಮೂರಕ್ಕೆ ಇಳಿಯಿತು. ಮತ್ತೆ ಮೊದಲ ಸಾಲಿಗೇ ಹತ್ತಿತು. ಗಾಣದ ಎತ್ತಿನ ಹಾಗೆ ಬಹಳ ಹೊತ್ತಿನಿಂದ ಇದೇ ಸುತ್ತು.

"ನಿಮ್ಮ ಮೇಷ್ಟ್ರು ಭಾರಿ ನಟ, ಭಾವ," ಎಂದ ಟೇಬಲ್ಲಿನ ಹಿಂದೆ ಕುಳಿತಿದ್ದ ಭಾಮೈದ. "ಏನೂ ತಿಳೀದವರ ಹಾಗೆ ಓದ್ತಿದ್ದಾರೆ. ಮೊದಲ ವರ್ಷದ ಹುಡುಗರೂ ಇಷ್ಟು ಕೆಟ್ಟದಾಗಿ ಓದಲ್ಲ."

ಇನ್ಸ್‌ಪೆಕ್ಟರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಠಾಣೆಯ ಪೇದೆಗಳು ಬೆನ್ನ ಹಿಂದೆ ಅವನನ್ನು ಪಟಾಕಿ ಎನ್ನುತ್ತಿದ್ದದ್ದು ಅವನಿಗೂ ಗೊತ್ತಿತ್ತು. ಈ ಹೊತ್ತು ಪಟಾಕಿ ಸುಮ್ಮನಿತ್ತು. ಸಂಜೆಯೊಳಗೆ ಅವನಿಗೆ ಒಂದು ಉತ್ತರ ಬೇಕಾಗಿತ್ತು.

ಕೋಲ್ಡ್ ಸ್ಟೋರೇಜಿನ ಯಜಮಾನ ತನ್ನದೇ ಕೋಣೆಯೊಳಗೆ ಸಿಕ್ಕಿಕೊಂಡು, ಬಾಗಿಲು ತೆರೆಯುವ ಗುಂಡಿಯನ್ನು ಒತ್ತಿ ಒತ್ತಿ, ಕೊನೆಗೆ ಸೆಟೆದು ಸತ್ತಿದ್ದ. ಬಾಗಿಲು ಕೆಟ್ಟಿರಲಿಲ್ಲ, ಗುಂಡಿಯೂ ಕೆಟ್ಟಿರಲಿಲ್ಲ. ಎರಡರ ನಡುವೆ ಕೆಲಸ ಮಾಡುವ ಪ್ರೋಗ್ರಾಮಿನಲ್ಲಿ ಯಾರೋ ಒಂದು ಸಾಲು ಸೇರಿಸಿದ್ದರು.

ಗುಂಡಿಯನ್ನು ಒಂದು ಸಲ ಒತ್ತಿದರೆ ಲೆಕ್ಕ ಒಂದು, ಇನ್ನೊಂದು ಸಲ ಒತ್ತಿದರೆ ಎರಡು, ಮೂರಾದರೆ ಬಾಗಿಲು ತೆರೆಯಬೇಕು. ಕೈ ತಗಲಿ ಸುಮ್ಮಸುಮ್ಮನೆ ತೆರೆದುಕೊಳ್ಳದಿರಲಿ ಎಂದು ಹಾಗೆ ಮಾಡಿದ್ದರು. ಸೇರಿಸಿದ ಸಾಲು ಹೇಳುತ್ತಿದ್ದದ್ದು ಇಷ್ಟೇ: ಲೆಕ್ಕ ಎರಡಕ್ಕೆ ಬಂದ ಕೂಡಲೇ ಅದನ್ನು ಸೊನ್ನೆ ಮಾಡು. ಯಜಮಾನ ಜೀವವಿರುವ ತನಕ ಒತ್ತಿದರೂ ಮೂರು ಆಗುವಂತಿರಲಿಲ್ಲ.

ಆ ಸಾಲು ಪ್ರೋಗ್ರಾಮಿಗೆ ಸೇರಿದ್ದು ಒಬ್ಬ ಹುಡುಗಿಯ ಹೆಸರಿನಲ್ಲಿ. ಪ್ರೋಗ್ರಾಂ ಬರೆದುಕೊಟ್ಟ ಕಂಪನಿಯಲ್ಲಿ ಎಲ್ಲರಿಗಿಂತ ಕಿರಿಯವಳು ಅವಳೇ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮರಿ. ಸೇರಿಸಿದ್ದು ನಾನೇ, ಬರೆದದ್ದು ನಾನಲ್ಲ, ಮೇಷ್ಟ್ರು ಕೊಟ್ಟದ್ದನ್ನು ಕೊಟ್ಟ ಹಾಗೇ ಸೇರಿಸಿದೆ ಎಂದು ಅವಳು ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು. ಮೇಷ್ಟ್ರು ಆ ಕಂಪನಿಯ ಹಿರಿಯ ಪ್ರೋಗ್ರಾಮರ್, ಅಲ್ಲಿದ್ದ ಅರ್ಧ ಜನಕ್ಕೆ ಕೆಲಸ ಕಲಿಸಿದವರು. ನಾನು ಕೊಟ್ಟದ್ದರಲ್ಲಿ ಆ ಸಾಲು ಇರಲಿಲ್ಲ ಎಂದು ಅವರು ಬರೆದು ಸಹಿ ಹಾಕಿದ್ದರು. ಒಬ್ಬರ ಮಾತಿನ ಎದುರು ಇನ್ನೊಬ್ಬರ ಮಾತು. ಹಿರಿಯರ ಮಾತಿಗೆ ತೂಕ ಹೆಚ್ಚು. ಇವತ್ತು ಸಂಜೆ ಕೋರ್ಟು ಏಳುವ ಮುಂಚೆ ಮರಿಯನ್ನು ಕೊಲೆ ಆರೋಪದ ಮೇಲೆ ನಿಲ್ಲಿಸಬೇಕೆಂದು ದೊಡ್ಡ ಸಾಹೇಬರ ಅಪ್ಪಣೆಯಾಗಿತ್ತು. ಅವಳ ಅಜ್ಜಿ ಠಾಣೆಯ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕುಳಿತವಳು ಎದ್ದಿರಲಿಲ್ಲ.

ಈ ಅಪ್ಪಣೆ ಬಂದ ದಿನವೇ ಇನ್ಸ್‌ಪೆಕ್ಟರ್‌ಗೆ ಭಾಮೈದ ನೆನಪಾದದ್ದು. ಹೆಂಡತಿಯ ತಮ್ಮ. ಪ್ರೋಗ್ರಾಮರುಗಳಿಗೆ ಕೋಡ್ ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವುದೇ ಅವನ ಲ್ಯಾಬಿನ ಕೆಲಸ. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ಇನ್ಸ್‌ಪೆಕ್ಟರ್ ಎಷ್ಟೋ ಸಲ ಊಟಕ್ಕೆ ಕುಳಿತಾಗ ಕಿಚಾಯಿಸಿದ್ದ. ಕಳ್ಳರನ್ನು ಹಿಡಿಯೋಕೆ ಕೊಡೋದಾದ್ರೆ ಇದಕ್ಕೂ ಕೊಡ್ತಾರೆ ಭಾವ, ನಾವಾದ್ರೂ ಹಿಡೀತೀವಿ ಎಂದು ಅವನು ತಿರುಗಿಸಿ ಕೊಟ್ಟಿದ್ದ.

ಬಲೆಯ ಯೋಚನೆ ಇನ್ಸ್‌ಪೆಕ್ಟರ್‌ನದು. ಹೆಣೆದುಕೊಟ್ಟದ್ದು ಭಾಮೈದ.

ಬಾಗಿಲಿನ ಪ್ರೋಗ್ರಾಮನ್ನೇ ತೆಗೆದುಕೊಂಡರು. ಅದರಲ್ಲಿದ್ದ ಹೆಸರುಗಳನ್ನೆಲ್ಲ ಕಿತ್ತರು. ಬಾಗಿಲು ಇದ್ದ ಕಡೆ ಒಂದು ಒಂಟಿ ಅಕ್ಷರ, ಗುಂಡಿ ಇದ್ದ ಕಡೆ ಇನ್ನೊಂದು. ಈಗ ಅದು ಬಾಗಿಲೋ, ನಲ್ಲಿಯೋ, ಸಂಬಳದ ಲೆಕ್ಕವೋ ನೋಡಿದವರಿಗೆ ತಿಳಿಯುವುದಿಲ್ಲ. ಆಮೇಲೆ ಕೊಲೆಗಾರನ ಆ ಒಂದು ಸಾಲಿನಲ್ಲಿ ಎರಡು ಇದ್ದದ್ದನ್ನು ನಾಲ್ಕು ಮಾಡಿದರು. ಕೊನೆಗೆ ಏನು ಬರುತ್ತದೆ ಎಂದು ಓದಿದವರು ಬರೆಯಬೇಕು: ಬಾಗಿಲು ತೆರೆದರೆ ಒಂದು, ತೆರೆಯದಿದ್ದರೆ ಸೊನ್ನೆ. ಎರಡಕ್ಕೇ ಅಳಿಸುವ ಸಾಲಾದರೆ ಉತ್ತರ ಸೊನ್ನೆ. ನಾಲ್ಕಕ್ಕೆ ಅಳಿಸುವ ಸಾಲಾದರೆ ಅದರ ಮುಂಚೆಯೇ ಮೂರು ಆಗಿ ಬಾಗಿಲು ತೆರೆದಿರುತ್ತದೆ, ಉತ್ತರ ಒಂದು.

ಹೊಸಬನಾದರೆ ಒಂದೊಂದೇ ಸಾಲು ಓದಿ, ಬೆರಳು ಮಡಿಸಿ, ಒಂದು ಎಂದು ಬರೆಯುತ್ತಾನೆ. ಆ ಸಾಲನ್ನು ಬರೆದವನು ಅದನ್ನು ಓದುವುದೇ ಇಲ್ಲ. ಸ್ವಂತ ಮನೆಯಲ್ಲಿ ಕರೆಂಟು ಹೋದಾಗ ನಡೆದಾಡುವ ಹಾಗೆ ಕಣ್ಣು ಅದರ ಮೇಲೆ ಸರಿದುಹೋಗುತ್ತದೆ. ಅಲ್ಲಿರುವುದು ಎರಡು ಎಂದೇ ಅವನ ತಲೆಯಲ್ಲಿರುತ್ತದೆ. ಸೊನ್ನೆ ಎಂದು ಬರೆಯುತ್ತಾನೆ. ಇದು ಲೆಕ್ಕಾಚಾರ. ಜಾಣರೇ ಈ ತಪ್ಪು ಮಾಡೋದು ಭಾವ, ದಡ್ಡರಿಗೆ ಈ ಭಾಗ್ಯ ಇಲ್ಲ ಎಂದು ಭಾಮೈದ ಹೇಳಿದ್ದ.

ಹೊಸಬರು ಹೇಗೆ ಓದುತ್ತಾರೆಂದು ತಿಳಿಯಲು ಒಂದು ಅಳತೆಗೋಲು ಬೇಕಾಗಿತ್ತು. ಅದಕ್ಕೆ ಹಿಂದಿನ ದಿನ ಹೊರಗಿನ ಪ್ರೋಗ್ರಾಮರುಗಳ ಒಂದು ಗುಂಪನ್ನು ಕೂರಿಸಿದ್ದರು. ಲ್ಯಾಬಿಗೆ ಆಗಾಗ ಬಂದು ಇಂಥ ಪರೀಕ್ಷೆಗೆ ಕೂರುವ ಜನ. ಬೆಳಿಗ್ಗೆ ಮರಿಯನ್ನು ಕಾವಲಿನಲ್ಲಿ ಕರೆತಂದು ಕೂರಿಸಿದರು. ಅವಳು ತುಟಿ ಅಲ್ಲಾಡಿಸುತ್ತ, ಸಾಲು ಸಾಲಿಗೂ ನಿಲ್ಲುತ್ತ, ಆ ನಾಲ್ಕರ ಮೇಲೆ ಎರಡು ಸಲ ತಡವರಿಸಿ, ಒಂದು ಎಂದು ಬರೆದಳು. ಮೊದಲ ಸಲ ನೋಡಿದವರು ಓದುವ ರೀತಿಯೇ ಅದು. ಇನ್ನು ಉಳಿದವರು ಮೇಷ್ಟ್ರು ಒಬ್ಬರೇ.

ಗಾಜಿನ ಆಚೆ ಮೇಷ್ಟ್ರು ಗದ್ದ ಎತ್ತಿದರು. ಪೆನ್ನು ತೆಗೆದುಕೊಂಡು ಏನೋ ಬರೆದರು.

ಸಹಾಯಕಿ ಹಾಳೆ ತಂದುಕೊಟ್ಟಳು. ಅದರ ಮೇಲೆ ಒಂದು ಎಂದಿತ್ತು.

"ಬಲೆ ಗೊತ್ತಾಗಿದೆ," ಎಂದ ಭಾಮೈದ. "ನಾಲ್ಕು ನೋಡಿದ್ದಾರೆ, ಹುಷಾರಾಗಿದ್ದಾರೆ. ಅಷ್ಟು ಹೊತ್ತು ತಗೊಂಡದ್ದೇ ಸಾಕ್ಷಿ. ಅವರೇ, ಭಾವ. ಬೇರೆ ಯಾರನ್ನೂ ಹುಡುಕಬೇಡಿ."

ಇನ್ಸ್‌ಪೆಕ್ಟರ್ ಕೆಂಪು ಚುಕ್ಕೆ ನಡೆದ ದಾರಿಯನ್ನು ಮತ್ತೊಮ್ಮೆ ತೋರಿಸಲು ಹೇಳಿದ. ಮೊದಲ ಮೂರು ಸಾಲಿನ ಮೇಲೆ ಕೆಂಪು ಗೀಟುಗಳು ಒಂದರ ಮೇಲೊಂದು ಬಿದ್ದು ಗಾಯದ ಹಾಗಾಗಿದ್ದವು. ನಾಲ್ಕು ಇದ್ದ ಸಾಲು ಅದಕ್ಕಿಂತ ಬಹಳ ಕೆಳಗಿತ್ತು. ಚುಕ್ಕೆ ಅಲ್ಲಿಗೆ ಹೋಗೇ ಇರಲಿಲ್ಲ. ಕೊನೆಯ ಹೊತ್ತಿನಲ್ಲಿ ಅದು ಪರದೆಯ ಮೂಲೆಯಲ್ಲಿ, ಏನೂ ಬರೆಯದ ಜಾಗದಲ್ಲಿ ಸುಮ್ಮನೆ ನಿಂತಿತ್ತು.

ನಟಿಸುವವನು ಕೊನೆಯ ಸಾಲಿನ ತನಕ ನಟಿಸುತ್ತಾನೆ. ನೋಡುವವರಿಗಾಗಿ ಅಲ್ಲವೇ ಅವನು ನಟಿಸುವುದು? ಖಾಲಿ ಮೂಲೆಯನ್ನು ನೋಡುವವನ ಕಥೆಯೇ ಬೇರೆ, ಅವನು ಬರೆಯುವುದು ಬರೀ ಊಹೆ. ಇನ್ಸ್‌ಪೆಕ್ಟರ್‌ಗೆ ತನ್ನ ಶಾಲೆಯ ಕಡೇ ಬೆಂಚು ನೆನಪಾಯಿತು. ಬೀಜಗಣಿತದ ಪುಸ್ತಕವನ್ನು ಎದುರಿಗೆ ತೆರೆದಿಟ್ಟುಕೊಂಡು, ಗಂಟೆ ಹೊಡೆಯುವ ತನಕ ಪುಟದ ಅಂಚನ್ನೇ ನೋಡುತ್ತ ಕುಳಿತವರು ಅಲ್ಲಿ ಬಹಳ ಜನ ಇದ್ದರು.

"ಮೊದಲ ವರ್ಷದ ಹುಡುಗರಿಗೆ ಕೊಡ್ತೀಯಲ್ಲ, ಆ ಹಾಳೆ ಒಂದು ಕೊಡು," ಎಂದ ಅವನು.

ಭಾಮೈದ ಯಾಕೆ ಎಂದು ಕೇಳಿದ. ಇನ್ಸ್‌ಪೆಕ್ಟರ್ ಕೈ ಚಾಚಿದ. ಭಾಮೈದ ಡ್ರಾಯರು ಎಳೆದು ಕೊಟ್ಟ.

ಗಾಜಿನ ಕೋಣೆಯಲ್ಲಿ ಹೊರಗಿನ ಸದ್ದು ಕೇಳುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಇನ್ಸ್‌ಪೆಕ್ಟರ್ ಬಾಗಿಲು ಹಾಕಿ, ಕುರ್ಚಿಯನ್ನು ಮೇಷ್ಟ್ರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದು ಕುಳಿತ. ಮೇಷ್ಟ್ರ ಅಂಗಿ ಇಸ್ತ್ರಿ ಮಾಡಿದ್ದು. ಕಿಸೆಯಲ್ಲಿ ಎರಡು ಪೆನ್ನು, ಒಂದು ಕೆಂಪು. ಈಗಲೂ ಯಾರದಾದರೂ ತಪ್ಪು ತಿದ್ದಲು ಸಿದ್ಧರಾಗಿ ಬಂದವರಂತಿದ್ದರು.

"ಇದು ಕಾಲೇಜು ಸೇರಿದ ಮಕ್ಕಳಿಗೆ ಕೊಡೋದಂತೆ," ಎಂದು ಇನ್ಸ್‌ಪೆಕ್ಟರ್ ಹಾಳೆಯನ್ನು ಅವರ ಮುಂದಿಟ್ಟ. "ಕೊನೆಗೆ ಏನು ಬರುತ್ತೆ ಹೇಳಿ ಮೇಷ್ಟ್ರೇ."

ಮೇಷ್ಟ್ರು ನಕ್ಕರು. "ನನ್ನ ಕೈಗೆ ಇದನ್ನ ಕೊಡ್ತೀರಾ ಸಾಹೇಬರೇ? ನಾನು ಈ ಕೆಲಸ ಶುರು ಮಾಡಿದಾಗ ನಿಮ್ಮ ಭಾಮೈದ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ."

"ಅವನು ಈಗ ಪ್ಯಾಂಟು ಹಾಕ್ತಾನೆ. ನೀವು ಓದಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ಇಂಥ ಅವಮಾನಕ್ಕೆ ಉತ್ತರ ಕೊಡುವ ಅಗತ್ಯ ತಮಗಿಲ್ಲ ಎಂದರು. ವಕೀಲರನ್ನು ಕರೆಸುವ ಮಾತಾಡಿದರು. ಬೆಳಿಗ್ಗೆ ತಿಂಡಿ ತಿಂದಿಲ್ಲ, ತಲೆ ಸುತ್ತುತ್ತಿದೆ ಎಂದರು. ಹಾಳೆಯಲ್ಲಿದ್ದದ್ದು ಆರೇಳು ಸಾಲು.

"ನಟನೆ ಅಂತ ಹೊರಗಿರೋನು ಹೇಳ್ತಾನೆ," ಎಂದ ಇನ್ಸ್‌ಪೆಕ್ಟರ್. "ನನಗೆ ಹಾಗನ್ನಿಸಲ್ಲ. ನಿಮಗೆ ಇದು ಓದೋಕೆ ಬರಲ್ಲ."

ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟರು. ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿದರು.

"ಮೆದುಳಿಗೆ ಜ್ವರ ಏರಿತ್ತು," ಎಂದರು ಕೊನೆಗೆ. "ಆಸ್ಪತ್ರೆಯಿಂದ ಎದ್ದು ಬಂದಾಗ ಎಲ್ಲ ಇತ್ತು. ಅಕ್ಷರ ಇತ್ತು, ಲೆಕ್ಕ ಇತ್ತು, ಹೆಂಡತಿ ಮಕ್ಕಳ ಗುರುತಿತ್ತು. ಪೇಪರ್ ಓದ್ತೀನಿ, ಪತ್ರ ಬರೀತೀನಿ. ಆದ್ರೆ ಕೋಡ್ ಮಾತ್ರ ನಿಲ್ಲಲ್ಲ. ಅದನ್ನ ತಲೇಲಿ ಹಿಡ್ಕೊಂಡು ಕೆಳಗಿಳೀಬೇಕು ಸಾಹೇಬರೇ. ನಾನು ಮೂರನೇ ಸಾಲಿಗೆ ಬರೋ ಹೊತ್ತಿಗೆ ಮೊದಲನೇದು ಹೋಗಿರುತ್ತೆ. ಬೊಗಸೇಲಿ ನೀರು ಹಿಡ್ಕೊಂಡು ಓಡೋ ಹಾಗೆ."

"ಎಷ್ಟು ಕಾಲದಿಂದ?"

"ಮರಿ ಕೆಲಸಕ್ಕೆ ಸೇರೋಕೂ ಮುಂಚೆಯಿಂದ."

ಇನ್ಸ್‌ಪೆಕ್ಟರ್‌ಗೆ ಈಗ ಸಿಟ್ಟು ಬಂತು. ಬಂದದ್ದನ್ನು ಅವನು ತಡೆಯಲಿಲ್ಲ. ಮೇಜಿಗೆ ಗುದ್ದಿದ ರಭಸಕ್ಕೆ ಕಬ್ಬಿಣದ ಆನಿಕೆ ಅದುರಿತು. ಹಾಗಾದರೆ ಆ ಸಹಿ ಯಾವ ಧೈರ್ಯದ ಮೇಲೆ ಹಾಕಿದಿರಿ ಎಂದು ಕೇಳಿದ. ಆ ಸಾಲು ಇರಲಿಲ್ಲ ಎಂದು ಬರೆದುಕೊಟ್ಟಿದ್ದಾರಲ್ಲ, ಓದಲು ಬಾರದವರಿಗೆ ಇತ್ತೋ ಇಲ್ಲವೋ ಹೇಗೆ ಗೊತ್ತು ಎಂದ. ಒಂದು ಹುಡುಗಿಯ ಕತ್ತಿಗೆ ಹಗ್ಗ ಹಾಕುವ ಮಾತು ಅದು ಎಂದ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

"ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದರು. "ಅದೇ ನಿಜ. ಆ ನಿಜ ಹೇಳಿದ್ರೆ, ಯಾಕೆ ಗೊತ್ತಿಲ್ಲ ಅನ್ನೋದೇ ಮುಂದಿನ ಪ್ರಶ್ನೆ ಆಗ್ತಿತ್ತು."

"ಹಾಗಂತ ಅವಳು ಜೈಲಿಗೆ ಹೋಗಬೇಕಾ?"

"ಕೊಲೆಗಾರ ಅಂತ ಬೇಕಾದ್ರೆ ನನ್ನ ಹೆಸರು ಬರ್ಕೊಳ್ಳಿ. ಸಹಿ ಹಾಕ್ತೀನಿ. ಇದನ್ನ ಮಾತ್ರ ಬರೀಬೇಡಿ. ಮನೇಲಿ ಹೆಂಡತಿಗೂ ಗೊತ್ತಿಲ್ಲ."

ತಮಾಷೆಯ ಮಾತಲ್ಲ ಎಂದು ಇನ್ಸ್‌ಪೆಕ್ಟರ್‌ಗೆ ಅರ್ಥವಾಯಿತು. ಕೊಲೆಯನ್ನು ಒಪ್ಪಿಕೊಂಡು ದಡ್ಡತನವನ್ನು ಮುಚ್ಚಿಡುವ ಮನುಷ್ಯನನ್ನು ಅವನು ಈ ತನಕ ಕಂಡಿರಲಿಲ್ಲ. ಅವನು ದನಿ ಇಳಿಸಿ, ಇಷ್ಟು ಕಾಲ ಕಂಪನಿಯ ಕೆಲಸ ನಡೆದದ್ದು ಹೇಗೆ ಎಂದು ಕೇಳಿದ.

ಹೊರಗೆ ಮಾಡಿಸುತ್ತಿದ್ದೆ ಎಂದರು ಮೇಷ್ಟ್ರು. ಕೋಡ್ ಕಳಿಸುತ್ತಿದ್ದರು. ಹೀಗೆ ತಿದ್ದಬೇಕು, ಇಂಥದ್ದು ಸೇರಬೇಕು ಎಂದು ಜೊತೆಗೆ ಬರೆಯುತ್ತಿದ್ದರು. ಒಂದೆರಡು ದಿನಕ್ಕೆ ತಿದ್ದಿದ್ದು ವಾಪಸು ಬರುತ್ತಿತ್ತು. ಅದನ್ನು ನೋಡಿದ ಹಾಗೆ ಮಾಡಿ ಮರಿಯ ಕೈಗೆ ಕೊಡುತ್ತಿದ್ದರು. ಮೇಷ್ಟ್ರು ನೋಡಿದ್ದಾರೆಂದು ಮರಿ ನೋಡುತ್ತಿರಲಿಲ್ಲ. ಮರಿ ನೋಡಿರುತ್ತಾಳೆಂದು ಇವರು ನೆಮ್ಮದಿಯಾಗಿದ್ದರು.

"ತಿದ್ದೋರು ಯಾರು?"

"ನನಗೂ ಗೊತ್ತಿಲ್ಲ. ಬೇರೆ ಬೇರೆಯವರು. ನಡುವೆ ಒಬ್ಬರಿದ್ದಾರೆ."

"ನಡುವೆ ಯಾರು?"

ಮೇಷ್ಟ್ರ ಕಣ್ಣು ಗಾಜಿನ ಕಡೆ ಹೋಗಿ ಬಂತು. ಆಚೆ ಭಾಮೈದ ಎದ್ದು ನಿಂತು, ಕೈಯಲ್ಲಿ ಚಹಾದ ಲೋಟ ಹಿಡಿದು, ಇತ್ತಲೇ ನೋಡುತ್ತಿದ್ದ. ವಿದ್ಯೆಯನ್ನು ಅಳೆಯುವವನ ಎದುರು ಮಾನ ಹೋಯಿತೆಂದು ಮೇಷ್ಟ್ರಿಗೆ ನಾಚಿಕೆ ಇರಬೇಕು ಎಂದುಕೊಂಡ ಇನ್ಸ್‌ಪೆಕ್ಟರ್.

"ಹೇಳಲ್ಲ," ಎಂದರು ಮೇಷ್ಟ್ರು. "ನನ್ನನ್ನ ಉಳಿಸಿದವರು ಅವರು. ಅವರ ಅನ್ನಕ್ಕೆ ನಾನು ಮಣ್ಣು ಹಾಕಲ್ಲ."

ಎಷ್ಟು ಕೇಳಿದರೂ ಅದರ ಮೇಲೆ ಒಂದು ಮಾತು ಹೊರಡಲಿಲ್ಲ. ಇನ್ಸ್‌ಪೆಕ್ಟರ್ ಒಬ್ಬ ಪೇದೆಯನ್ನು ಕರೆದು, ಮೇಷ್ಟ್ರನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ತಿಂಡಿ ತರಿಸಿಕೊಡಲು ಹೇಳಿ ಹೊರಬಂದ.

ಏನಂತೆ ಎಂದು ಭಾಮೈದ ಕೇಳಿದ. ಅವನ ಚಹಾದ ಮೇಲೆ ಕೆನೆ ಕಟ್ಟಿತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

"ಅವರಲ್ಲ," ಎಂದ ಇನ್ಸ್‌ಪೆಕ್ಟರ್. "ಬರೆದೋರು ಹೊರಗಿನವರು. ಇಂಥ ಕೆಲಸ ಮಾಡಿಕೊಡೋ ಯಾರೋ. ನಿನ್ನೆ ಕೂರಿಸಿದ್ದೆಯಲ್ಲ ಆ ಗುಂಪು, ಅವರಲ್ಲಿ ಸೊನ್ನೆ ಬರೆದವರು ಯಾರಾದ್ರೂ ಇದ್ದಾರಾ?"

ನಾಲ್ಕಾರು ಜನ ಬರೆದಿದ್ದಾರೆ, ಲೆಕ್ಕ ತಪ್ಪುವವರು ಎಲ್ಲ ಕಡೆಯೂ ಇರುತ್ತಾರೆ ಎಂದ ಭಾಮೈದ. ತೋರಿಸು ಎಂದರೆ, ಅವರಿಗೆಲ್ಲ ಮಾತು ಕೊಟ್ಟಿದ್ದೇವೆ, ಹೆಸರು ಬರೆದುಕೊಳ್ಳುವುದಿಲ್ಲ, ಹೊರಗಿನವರಿಗೆ ತೋರಿಸುವುದಿಲ್ಲ, ಅದು ಲ್ಯಾಬಿನ ನಿಯಮ ಎಂದ. ಇನ್ಸ್‌ಪೆಕ್ಟರ್ ಅವನ ಕುರ್ಚಿಯ ಹಿಂದೆ ಬಂದು ನಿಂತ. ನಿಯಮ ಸಂಜೆಯ ಮೇಲೆ ಓದೋಣ, ಈಗ ತೋರಿಸು ಎಂದ.

ಭಾಮೈದ ಒಂದೊಂದಾಗಿ ತೆಗೆದ. ಪರದೆಯ ಮೇಲರ್ಧದಲ್ಲಿ ಕೋಡು ಮತ್ತು ಕೆಂಪು ಚುಕ್ಕೆ, ಕೆಳಗೆ ಓದಿದವರ ಎರಡು ಕಣ್ಣು. ಹುಬ್ಬಿನಿಂದ ಕೆನ್ನೆಯ ಮೇಲಿನ ತನಕ ಒಂದು ಪಟ್ಟಿ, ಅಷ್ಟೇ. ಸೊನ್ನೆ ಬರೆದ ಮೊದಲನೆಯವನು ನಾಲ್ಕರ ಮೇಲೆ ಬಹಳ ಹೊತ್ತು ನಿಂತು, ಹಿಂದೆ ಮುಂದೆ ಓಡಾಡಿ, ದಾರಿ ತಪ್ಪಿದ್ದ. ಎರಡನೆಯವಳು ಕೂಡಿಸುವಲ್ಲೇ ಎಡವಿದ್ದಳು. ಅವರೆಲ್ಲ ಲೆಕ್ಕ ತಪ್ಪಿದವರು. ಆ ಸಾಲು ಗೊತ್ತಿದ್ದವರ ನಡಿಗೆ ಯಾರಲ್ಲೂ ಇರಲಿಲ್ಲ.

ಭಾಮೈದ ಒಂದನ್ನು ಬಿಟ್ಟು ಮುಂದಿನದಕ್ಕೆ ಹೋದ.

"ಅದನ್ನ ಯಾಕೆ ಹಾರಿಸಿದೆ?"

"ಅದು ಸರಿಯಾಗಿ ಬಂದಿಲ್ಲ ಭಾವ. ಯಂತ್ರದ ದೋಷ. ಅದರಿಂದ ಏನೂ ಗೊತ್ತಾಗಲ್ಲ."

"ಹಾಕು."

ಭಾಮೈದ ಹಾಕಲಿಲ್ಲ. ಇನ್ಸ್‌ಪೆಕ್ಟರ್ ತಾನೇ ಕೈ ಚಾಚಿ ಕೀಲಿ ಒತ್ತಿದ.

ಈ ಚುಕ್ಕೆ ಬೇರೆಯವರದ್ದರ ಹಾಗೆ ಮೊದಲ ಸಾಲಿನಿಂದ ಶುರುವಾಯಿತು. ಎರಡು ಸಾಲು ಇಳಿದು ನಿಂತಿತು. ಆಮೇಲೆ ನಡುವಿನದನ್ನೆಲ್ಲ ಬಿಟ್ಟು, ಬಾವಿಗೆ ಬಿಟ್ಟ ಕೊಡದ ಹಾಗೆ ನೆಟ್ಟಗೆ ಆ ಒಂದು ಸಾಲಿಗೆ ಇಳಿಯಿತು. ಅಂಥ ಸಾಲು ಕೆಳಗಿದೆ ಎಂದು ಅದಕ್ಕೆ ಮೊದಲೇ ಗೊತ್ತಿತ್ತು.

ನಾಲ್ಕರ ಮೇಲೆ ಬಂದು ಚುಕ್ಕೆ ನಿಂತಿತು. ಗೊತ್ತಿದ್ದವರ ಕಣ್ಣು ಅಲ್ಲಿ ಜಾರಿಹೋಗಬೇಕು ಎಂಬುದಲ್ಲವೇ ಲೆಕ್ಕಾಚಾರ? ಇದು ಜಾರಲಿಲ್ಲ. ನಾಲ್ಕನ್ನು ನೋಡಿತು. ಮೇಲೆ ಹೋಗಿ ಮೂರನ್ನು ನೋಡಿ ಬಂತು. ಮತ್ತೆ ನಾಲ್ಕು. ತಪ್ಪದೆ, ತಡವರಿಸದೆ ಎಲ್ಲವನ್ನೂ ಸರಿಯಾಗಿ ಓದಿತು. ಉತ್ತರ ಒಂದು ಎಂದು ಅದಕ್ಕೆ ತಿಳಿದಿತ್ತು.

ಆಮೇಲೆ ಚುಕ್ಕೆ ಪರದೆಯಿಂದ ಮಾಯವಾಯಿತು. ಕೆಳಗಿನ ಪಟ್ಟಿಯಲ್ಲಿ ಎರಡು ಕಣ್ಣು ಮೆಲ್ಲಗೆ ಕೆಳಗಿಳಿದು ಕ್ಯಾಮೆರಾವನ್ನೇ ನೇರವಾಗಿ ನೋಡಿದವು. ರೆಪ್ಪೆ ಮಿಟುಕಿಸಲಿಲ್ಲ.

ಅವರು ಬರೆದ ಉತ್ತರ ಸೊನ್ನೆ.

"ಓದಿದ್ದು ಸರಿ, ಬರೆದದ್ದು ತಪ್ಪು," ಎಂದ ಭಾಮೈದ. "ಅದಕ್ಕೇ ದೋಷ ಅಂದೆ."

ಇನ್ಸ್‌ಪೆಕ್ಟರ್ ಅವನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಎಡ ಹುಬ್ಬಿನ ಕೊನೆಯಲ್ಲಿ ಕೂದಲು ಬೆಳೆಯದ ಸಣ್ಣ ಗೀಟು ಇತ್ತು. ಆ ಗೀಟು ಅಲ್ಲಿಗೆ ಹೇಗೆ ಬಂತೆಂದು ಅವನಿಗೆ ಗೊತ್ತಿತ್ತು. ಅಂಬೆಗಾಲಿಡುವ ಮಗು ಬಚ್ಚಲಿನ ಬಕೆಟಿನ ಅಂಚಿಗೆ ಬಿದ್ದದ್ದು. ಡಾಕ್ಟರು ಹೊಲಿಗೆ ಹಾಕುವಾಗ ತಲೆಯನ್ನು ಅಲ್ಲಾಡದ ಹಾಗೆ ಹಿಡಿದುಕೊಂಡವನು ಅವನೇ.

ಅವನ ಆ ಮಗಳು ಈಗ ಮನೆಯಲ್ಲೇ ಕುಳಿತು ಯಾರು ಯಾರದೋ ಪ್ರೋಗ್ರಾಂ ಕೆಲಸ ಮಾಡಿಕೊಡುತ್ತಿದ್ದಳು. ಏನು ಮಾಡುತ್ತೀಯ ಎಂದು ಅವನು ಕೇಳಿರಲಿಲ್ಲ. ಹೇಳಿದರೂ ತನಗೆ ತಿಳಿಯುವುದಿಲ್ಲ ಎಂದು ಬಿಟ್ಟಿದ್ದ. ಇವತ್ತು ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳುವಾಗ ಬಾಗಿಲಿಗೆ ಒರಗಿ ನಿಂತು, ಆ ಹುಡುಗಿ ಊಟ ಮಾಡುತ್ತಿದ್ದಾಳಾ ಅಪ್ಪ ಎಂದು ಕೇಳಿದ್ದಳು. ಯಾವ ಹುಡುಗಿ ಎಂದರೆ, ಲಾಕಪ್ಪಿನಲ್ಲಿದ್ದಾಳಲ್ಲ ಅವಳು ಎಂದಿದ್ದಳು. ಠಾಣೆಯ ಸುದ್ದಿ ನಿನಗ್ಯಾಕೆ ಎಂದು ಅವನು ಗದರಿಸಿ ಹೊರಟಿದ್ದ.

"ನಾನು ಕರೆದಿರಲಿಲ್ಲ ಭಾವ," ಎಂದ ಭಾಮೈದ. "ಅವಳೇ ಬಂದು ಕೂತಿದ್ದಾಳೆ. ನಾನು ಇದನ್ನ ನೋಡಿದ್ದು ನಿನ್ನೆ ಸಂಜೆ. ಅಕ್ಕನಿಗೆ ಏನಂತ ಹೇಳಲಿ? ಮೇಷ್ಟ್ರ ಕಡೆಗೇ ಹೋಗಲಿ ಅಂತ ಬಿಟ್ಟೆ. ಈಗಲೂ ನಿಮಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ."

ಗಡಿಯಾರದಲ್ಲಿ ಇನ್ನೂ ಹೊತ್ತಿತ್ತು. ಠಾಣೆಯ ಅಂಗಳದಲ್ಲಿ ಈಗ ವ್ಯಾನು ಹೊರಡಲು ಸಿದ್ಧವಾಗುತ್ತಿರುತ್ತದೆ. ಬೆಂಚಿನ ಮೇಲಿನ ಅಜ್ಜಿ ಡಬ್ಬಿ ಹಿಡಿದು ಎದ್ದು ನಿಂತಿರುತ್ತಾಳೆ.

ಇನ್ಸ್‌ಪೆಕ್ಟರ್ ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಷ್ಟ್ರು ಕುಳಿತಿದ್ದ ಕುರ್ಚಿಯಲ್ಲೇ ಕುಳಿತು ಠಾಣೆಗೆ ಫೋನು ಮಾಡಿದ. ಆ ಹುಡುಗಿಯನ್ನು ಕೋರ್ಟಿಗೆ ಕರೆದೊಯ್ಯಬೇಡಿ ಎಂದ. ಅಜ್ಜಿಯ ಬಳಿ ಕೂರಿಸಿ ಎಂದ. ದೊಡ್ಡ ಸಾಹೇಬರಿಗೆ ಏನು ಹೇಳುವುದೆಂದು ಹೆಡ್ ಕಾನ್‌ಸ್ಟೆಬಲ್ ಕೇಳಿದ. ಬರೆದವರು ಬೇರೆ ಎಂದು ಹೇಳು ಎಂದ ಇನ್ಸ್‌ಪೆಕ್ಟರ್.

"ಹಾಗಾದ್ರೆ ಹೆಸರು ಏನಂತ ಬರ್ಕೊಳ್ಳಲಿ ಸಾರ್?"

"ಜಾಗ ಬಿಡು. ನಾನೇ ಬಂದು ಬರೀತೀನಿ."

ಆಮೇಲೆ ಮನೆಗೆ ಮಾಡಿದ. ಮಗಳು ಹಲೋ ಎನ್ನಲಿಲ್ಲ.

"ನೋಡಿದೆಯಾ ಅಪ್ಪ?" ಎಂದಳು.

"ಆ ಸಾಲು ಯಾರದ್ದು?"

"ನಂದು."

ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ, ಅವಳ ಅಮ್ಮನೇ ಇರಬೇಕು, ಒಲೆ ಆರಿಸಿದ ಸದ್ದು. ಮಗಳು ಆಚೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ತನಕ ಅವನು ಕಾದ.

"ಬರೆದದ್ದು ನಾನೇ," ಎಂದಳು. "ಅದು ಬಾಗಿಲು ಅಂತ ಗೊತ್ತಿರಲಿಲ್ಲ. ಹೆಸರೆಲ್ಲ ಕಿತ್ತು ಕೊಟ್ಟಿದ್ರು, ಬರೀ ಅಕ್ಷರ. ಕೊನೆಗೆ ಯಾವತ್ತೂ ಒಂದು ಬರಬಾರದು, ಹಾಗೆ ಒಂದೇ ಒಂದು ಸಾಲು ಸೇರಿಸಿ ಅಂತ ಪ್ರಶ್ನೆ ಇತ್ತು. ನಾನು ಒಗಟು ಅಂದುಕೊಂಡೆ. ಥಟ್ ಅಂತ ಹೊಳೀತು. ಖುಷಿಯಾಯ್ತು ಕೂಡ. ನಿನ್ನೆ ಅದೇ ಕೋಡು, ಅದೇ ನನ್ನ ಸಾಲು, ಎರಡರ ಜಾಗದಲ್ಲಿ ನಾಲ್ಕು. ಯಾರೋ ಬರೆದವರನ್ನ ಹುಡುಕ್ತಿದ್ದಾರೆ ಅಂತ ಆಗ ಗೊತ್ತಾಯ್ತು. ಯಾಕೆ ಹುಡುಕ್ತಿದ್ದಾರೆ ಅಂತಾನೂ, ಆ ಬಾಗಿಲಿನ ಸುದ್ದಿ ಪೇಪರಲ್ಲಿ ಬಂದಿತ್ತಲ್ಲ."

"ಬೆಳಿಗ್ಗೆ ಹೇಳಬಾರದಿತ್ತಾ?"

"ಶುರು ಮಾಡಿದ್ದೆ. ನಿನಗ್ಯಾಕೆ ಅಂದೆ."

ಇನ್ಸ್‌ಪೆಕ್ಟರ್ ಎದುರಿಗಿದ್ದ ಕಬ್ಬಿಣದ ಆನಿಕೆಯನ್ನು ನೋಡಿದ. ಗದ್ದ ಊರುವ ಕಡೆ ಬಣ್ಣ ಸವೆದು ಹೊಳೆಯುತ್ತಿತ್ತು.

"ಆ ಪ್ರಶ್ನೆ ಕೊಟ್ಟೋರು ಯಾರು?"

"ಇಂಥವು ಬಹಳ ದಿನದಿಂದ ಬರ್ತಿತ್ತು ಅಪ್ಪ. ಮಾವನ ಲ್ಯಾಬಿಂದ. ಪರೀಕ್ಷೆ ಅಂತ."

ನಡುವೆ ಒಬ್ಬರಿದ್ದಾರೆ ಎಂದಿದ್ದರು ಮೇಷ್ಟ್ರು. ಯಾರು ಎಂದು ಕೇಳಿದಾಗ ಗಾಜಿನ ಆಚೆ, ಭಾಮೈದನ ಕಡೆ ನೋಡಿದ್ದರು.

"ನಿನ್ನೆ ಉತ್ತರ ಬೇಕಂತಲೇ ತಪ್ಪು ಬರೆದೆಯಾ?" ಎಂದು ಅವನು ಕೇಳಿದ. ಉತ್ತರ ಗೊತ್ತಿತ್ತು. ಇನ್ನೊಂದು ನಿಮಿಷ ಅವಳ ದನಿ ಕೇಳಬೇಕಾಗಿತ್ತು.

"ನಾನು ಬರೆದ ಸಾಲಿಗೆ ಅದೇ ಉತ್ತರ. ಬಾಯಲ್ಲಿ ಹೇಳಿದ್ರೆ ನೀನು ಅಪ್ಪನಾಗಿ ಕೇಳಿಸ್ಕೊಳ್ತೀಯ, ಮುಚ್ಚಿಹಾಕ್ತೀಯ ಅಂತ ಹೆದರಿಕೆಯಾಯ್ತು. ಅಲ್ಲಾದ್ರೆ ಕ್ಯಾಮೆರಾ ಇದೆ. ನಾನು ನೋಡಿದ್ದು, ಬರೆದದ್ದು ಎರಡೂ ಉಳಿಯುತ್ತೆ, ಯಾರೂ ಅಳಿಸೋಕಾಗಲ್ಲ ಅಂದುಕೊಂಡೆ."

ಇನ್ಸ್‌ಪೆಕ್ಟರ್ ಹಿಂದಿರುಗಿ ಗಾಜಿನ ಆಚೆ ನೋಡಿದ.

ಭಾಮೈದ ಪರದೆಗೆ ಮುಖ ಮಾಡಿ ಕುಳಿತಿದ್ದ. ಅವನ ಭುಜದ ಮೇಲಿಂದ ಆ ಎರಡು ಕಣ್ಣು ಕಾಣುತ್ತಿದ್ದವು, ಎಡ ಹುಬ್ಬಿನ ಗೀಟಿನ ಸಮೇತ. ಅವನ ಬೆರಳು ಕೀಲಿಯ ಮೇಲೆ ಒಂದು ಸಲ ಬಿತ್ತು. ಪರದೆ ಏನನ್ನೋ ಕೇಳಿತು. ಬೆರಳು ಇನ್ನೊಂದು ಸಲ ಬಿತ್ತು.

ಕಣ್ಣುಗಳು ಆರಿಹೋದವು. ಭಾಮೈದ ಕುರ್ಚಿ ತಿರುಗಿಸಿ, ಭಾವನಿಗೆ ಕಾಣುವ ಹಾಗೆ ಅಂಗೈ ಎತ್ತಿ ಸನ್ನೆ ಮಾಡಿದ: ಇನ್ನು ಭಯವಿಲ್ಲ.